ದೊಡ್ಡೋರಿಗೆ ಬಾಳೆಗೊನೆ

ಟೆಂಟ್ ಬಾಗಿಲಿಗೆ ಬಾಳೆಗೊನೆ ಕಟ್ಟಿದ್ದು ನಾನೇ, ಒಪ್ಕೊಂಡ್ಬುಡ್ತೀನಿ.

ಮನಸ್ಸು ಹಗುರಾಗ್ಲಿ ಅಂತ ನಾನೂ ಗೆಳೆಯ ಶಿವುನೂ ಹುಣಸೂರಿಂದ ಬೈಕಲ್ಲಿ ಕೋಟೆ ತಾಲ್ಲೂಕಿನ ಕಡೆ ಹೋಗಿ, ಕಾಡಂಚಿನ ಒಂದು ಹೊಲದ ಪಕ್ಕ ಟೆಂಟ್ ಹಾಕಿದ್ವಿ. ಟೆಂಟು ನಮ್ಮ ಭಾವಂದು. ಅದಕ್ಕೊಂದು ಗೀರು ಬಿದ್ರೂ ಮನೆಗೆ ಸೇರ್ಸಲ್ಲ ಅಂದಿದ್ರು.

ಹೊಲದ ಅಜ್ಜಿ ಬಂದು, "ಇಲ್ಲಿ ಮನಿಕ್ಕಬೇಡಿ ಕಣ್ರಪ್ಪ. ಸಂಜೆಯಾದ್ರೆ ದೊಡ್ಡೋರು ಇದೇ ದಾರೀಲಿ ಬತ್ತಾರೆ. ನಮ್ಮನೆ ಜಗಲಿಗೆ ಬನ್ನಿ" ಅಂತು.

ದೊಡ್ಡೋರು ಅಂದ್ರೆ ಊರ ಯಜಮಾನ್ರು ಅಂತ ನನ್ನ ಪೇಟೆ ಬುದ್ಧಿಗೆ ಹೊಳೀತು. "ಬರ್ಲಿ ಬುಡಜ್ಜಿ, ಮರ್ಯಾದೆಯಾಗಿ ಮಾತಾಡ್ಸಿ ಪರ್ಮಿಷನ್ ತಗೋತೀವಿ" ಅಂದೆ. ನಮ್ಮನ್ನ ಅಲ್ಲಿಂದ ಎಬ್ಬಿಸೋಕೆ ಮಗನ್ನ ಕರ್ಕೊಂಡು ಬರ್ತೀನಿ ಅಂತ ಅಜ್ಜಿ ಮನೆ ಕಡೆ ಓಡ್ತು. ದೊಡ್ಡೋರ ಮುಂದೆ ಬರಿಗೈಲಿ ನಿಲ್ಲೋದು ಚೆನ್ನಾಗಿರಲ್ಲ ಅಂತ ನಾನು ದಾರೀಲಿ ತಗೊಂಡಿದ್ದ ಗೊನೆಯನ್ನ ಬಾಗಿಲಿಗೆ ಕಟ್ಟಿ, ತಲೆ ಬಾಚ್ಕೊಂಡು ಕೂತೆ.

ಹೊತ್ತು ಮುಳುಗೋ ಮುಂಚೆ ಬಿದಿರುಮೆಳೆ ಲಟಲಟ ಅಂತು.

"ಯಜಮಾನ್ರು ಬಂದ್ರು, ಎದ್ದು ನಿಂತ್ಕೊಳ್ಳಲಾ" ಅಂದೆ.

ಶಿವು ನಿಲ್ಲಲಿಲ್ಲ, ಓಡ್ದ. ತಿರುಗಿ ನೋಡ್ದೆ, ಯಜಮಾನ್ರಿಗೆ ಸೊಂಡ್ಲಿತ್ತು. ಅಜ್ಜಿ ಜಗಲೀನ ಶಿವೂಗಿಂತ ಮೊದಲು ನಾನೇ ಮುಟ್ಟಿದ್ದೆ.

ಅಲ್ಲಿಂದಲೇ ಎಲ್ಲಾ ಕಾಣ್ತಿತ್ತು. ದೊಡ್ಡೋರು ನಿಧಾನವಾಗಿ ಗೊನೆ ಮುಗಿಸಿ, ಭಾವನ ಟೆಂಟನ್ನ ಕಿತ್ತು ಬೆನ್ನ ಮೇಲೆ ಎಸ್ಕೊಂಡು, ಹಂಗೇ ಕಾಡೊಳಕ್ಕೆ ಹೋದ್ರು.

ಅಜ್ಜಿ ನನ್ನ ಕೈಗೆ ಕಾಫಿ ಲೋಟ ಕೊಟ್ಟು ಹೇಳ್ತು: "ಬಾಳೆಅಣ್ಣು ಕೊಟ್ಟು, ಶಾಲೂ ಆಕಿ ಕಳ್ಸಿದ್ದೀಯ. ನಾಳಿಕ್ಕೆ ನಿನ್ನೇ ಕೇಳ್ಕೊಂಡು ಬಂದ್ರೆ ಫೋನ್ ನಂಬರ್ ಕೊಡ್ಲೇನ್ಲಾ ಮಗಾ?"