ಬಂಕಿನಿಂದ ಬಲಕ್ಕೆ ಒಂದು ದಾರಿ

2019ರ ಜನವರಿಯಲ್ಲಿ, ಒಮಾನ್ ಪ್ರವಾಸ ಮುಗಿಸಿ ಜಹೀರಾಬಾದಿಗೆ ಮರಳಿದ ವಾರದಲ್ಲೇ, ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಶಾಣಮ್ಮನಿಗೆ ಒಂದು ಮಾತು ಹೇಳಿದೆ — ಆ ದೇಶದಲ್ಲಿ ಕುರಿ ಕಾಯುತ್ತಿದ್ದ ಅವಳ ಗಂಡ ಬೀರಪ್ಪನನ್ನು ಕಣ್ಣಾರೆ ನೋಡಿ ಬಂದೆ, ಆರಾಮಾಗಿದ್ದಾನೆ ಎಂದು. ನಾನು ಅವನನ್ನು ನೋಡಿರಲಿಲ್ಲ. ಅವನಿದ್ದ ಜಾಗಕ್ಕೆ ಹೋಗಿರಲೂ ಇಲ್ಲ.

ನಾನು ಪತ್ರಿಕೆಯವನು. ಗಡಿ ಭಾಗದ ಪುಟಕ್ಕೆ ಸುದ್ದಿ ಬರೆಯುತ್ತ, ಬೇರೆಯವರ ಸುದ್ದಿ ತಿದ್ದುತ್ತ ಕೂದಲು ಹಣ್ಣಾಗಿದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಇದನ್ನೇ: ನೋಡಿದ್ದನ್ನು ನೋಡಿದೆ ಎಂದು ಬರೆಯಿರಿ, ಕೇಳಿದ್ದನ್ನು ಕೇಳಿದೆ ಎಂದು ಬರೆಯಿರಿ, ಎರಡನ್ನೂ ಕಲಸಬೇಡಿ. ಆದ್ದರಿಂದ ಅಂದಿನ ಮಾತು ಬಾಯಿ ತಪ್ಪಿ ಬಂದದ್ದು ಎಂದು ಹೇಳಲು ನನಗೆ — ಬೇರೆ ಯಾರಿಗಾದರೂ ಇದ್ದೀತು, ನನಗೆ ಆ ಅವಕಾಶವಿಲ್ಲ.

ಬೀರಪ್ಪ ನನಗೆ ಅಪರಿಚಿತನಲ್ಲ. ಮನೂರ್ ಬಳಿ ನಮಗೆ ತೊಗರಿ ಬೆಳೆಯುವ ಹೊಲವಿದೆ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಅವನು ತನ್ನ ಕುರಿಗಳನ್ನು ರಾತ್ರಿ ಅಲ್ಲಿ ತರುಬಿ ನಿಲ್ಲಿಸುತ್ತಿದ್ದ; ಗೊಬ್ಬರ ನಮ್ಮ ಹೊಲಕ್ಕೆ, ಜೋಳ ಅವನ ಮನೆಗೆ. ಅವನ ಅಪ್ಪನೂ ನನ್ನ ಅಪ್ಪನೂ ಹಾಗೆಯೇ ನಡೆಸಿಕೊಂಡು ಬಂದದ್ದು. ಒಂದು ವರ್ಷ ರೋಗ ಬಂದು ಹಿಂಡಿನಲ್ಲಿ ಮುಕ್ಕಾಲು ಪಾಲು ಹೋಯಿತು. ಉಳಿದದ್ದನ್ನು ಮಾರಿ ಬೀರಪ್ಪ ಒಮಾನಿಗೆ ಹೊರಟ. ಹೊರಡುವ ದಿನ ಗಂಡ ಹೆಂಡತಿಗೆ ಜಗಳವಾಯಿತಂತೆ. "ಅಲ್ಲಿ ಹೋಗಿ ಬಿ ಕುರೀನೇ ಕಾಯಾವ, ಅಲ್ಲಿ ಕುರಿಗೆ ಬಂಗಾರದ ಕೋಡ ಅದಾವೇನು?" ಎಂದಿದ್ದಳು ಶಾಣಮ್ಮ. ಬೀರಪ್ಪ ಶೇರ್ ಆಟೋ ಹತ್ತಿ ಹೋಗಿಬಿಟ್ಟಿದ್ದ. ಮೊದಲೆಲ್ಲ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. 2018ರ ದಸರೆಯ ಹೊತ್ತಿಗೆ ಅದು ನಿಂತಿತು. ತನ್ನ ಆ ಮಾತನ್ನೇ ಅವನು ಮನಸ್ಸಿನಲ್ಲಿಟ್ಟುಕೊಂಡು ಕುಳಿತಿದ್ದಾನೆ — ಶಾಣಮ್ಮ ನಂಬಿದ್ದು ಅದನ್ನು.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಪ್ರವಾಸದ ತಯಾರಿ ನಡೆದಿತ್ತು. ಊಟವಾದ ಮೇಲೆ ನೆಲದ ಮೇಲೆ ನಕಾಶೆ ಹಾಸಿ ಮೂವರೂ ಬಗ್ಗಿ ಕೂರುತ್ತಿದ್ದೆವು. ಹೆಂಡತಿ ಸುವರ್ಣಾಳಿಗೆ ಸಮುದ್ರ ಬೇಕು. ಹುಟ್ಟಿದ್ದು ತಾಂಡೂರಿನಲ್ಲಿ, ಅದುವರೆಗೆ ಸಮುದ್ರ ಕಂಡವಳಲ್ಲ. ಮಗಳಿಗೆ ಮಸ್ಕತ್ ಪಟ್ಟಣ, ಅಲ್ಲಿನ ಅಂಗಡಿಗಳು. ನನಗೆ ಮರಳುಗಾಡು. ನಮ್ಮ ಮಾವ ತಾಂಡೂರಿನಿಂದ ಫೋನ್ ಮಾಡಿ ನಗುತ್ತಿದ್ದರು: "ಬಿಸಿಲು ನೋಡಾಕ ರೊಕ್ಕ ಖರ್ಚ್ ಮಾಡಿ ಹೋಗ್ತೀರಲ್ರಿ ಅಳಿಯಂದ್ರ! ವೈಶಾಖದಾಗ ನಮ್ಮ ಕಲ್ಲಿನ ಖಣಿಯಾಗ ಬಂದು ನಿಂದರ್ರಿ, ಪುಗಸಟ್ಟೆ ತೋರಸ್ತೀನಿ."

ಆ ನಕಾಶೆ ಹಾಸಿದ್ದಾಗಲೇ ಶಾಣಮ್ಮ ಬಂದಳು. ಗಂಡನ ಸುದ್ದಿ ಹೇಗೆ ತಿಳಿಯುವುದು ಎಂದು ಕೇಳಲು ಬಂದಿದ್ದವಳು, ನಾವು ಹೊರಟಿರುವುದೂ ಅದೇ ದೇಶಕ್ಕೆ ಎಂದು ತಿಳಿದು ನಕಾಶೆಯ ಅಂಚಿಗೆ ಕುಳಿತಳು.

"ಇದ್ರಾಗ ಅವ ಎಲ್ಲಿ ಅದಾನ್ರಿ ಅಣ್ಣಾರ?"

ಬೀರಪ್ಪನ ಜಾಗ ನಮಗೆ ಗೊತ್ತಿತ್ತು. ಅವನನ್ನು ಮೊದಲ ದಿನ ಅಲ್ಲಿ ಬಿಟ್ಟು ಬಂದವನು ನಾಗಲಗಿದ್ದ ಊರಿನ ಮಸ್ತಾನ್, ಮಸ್ಕತ್‌ನಲ್ಲಿ ಲಾರಿ ಓಡಿಸುವವನು. ಅವನು ಹೇಳಿದ್ದ ಗುರುತು: ಮರಳುಗಾಡು ಶುರುವಾಗುವ ಮುನ್ನ ಸಿಗುವ ಕೊನೆಯ ಪೆಟ್ರೋಲ್ ಬಂಕ್, ಅಲ್ಲಿಂದ ಬಲಕ್ಕೆ ಒಂದು ದಾರಿ, ಆ ದಾರಿಯ ಕೊನೆಗೆ ಕುರಿದೊಡ್ಡಿ. ನಾನು ಬೆರಳಿಟ್ಟು ತೋರಿಸಿದೆ.

"ನೀವು ಎಲ್ಲಿ ಮಲಗಾವ್ರು?"

ನಾವು ತಂಗಲಿದ್ದ ಮರಳುಗಾಡಿನ ಡೇರೆಗಳ ಜಾಗವನ್ನೂ ತೋರಿಸಿದೆ. ಎರಡರ ನಡುವೆ ಉಗುರಿನಷ್ಟು ಅಂತರ. ಶಾಣಮ್ಮನ ಮುಖ ಅರಳಿತು. "ಅಯ್ಯ, ಇಷ್ಟ ಸಮೀಪ ಅದ! ಒಂದ ಮಾತು ಕೇಳಿ ಬರ್ರಿ ಅಣ್ಣಾರ. ರೊಕ್ಕ ಬ್ಯಾಡ, ಏನ್ ಬಿ ಬ್ಯಾಡ. ನನ್ನ ಮ್ಯಾಲ ಸಿಟ್ಟ ಅದಾನೇನು, ಅಷ್ಟ ಕೇಳ್ರಿ."

ಮುಂದಿನ ವಾರ ಒಂದು ಕಂಬಳಿ ತಂದುಕೊಟ್ಟಳು. ಮರಳಿನ ಚಳಿ ಕೆಟ್ಟದ್ದು ಎಂದು ಬೀರಪ್ಪ ಹಿಂದೆ ಹೇಳಿದ್ದನಂತೆ. ಸ್ವತಃ ಹೋಗಿ ನೋಡುವುದಾಗಿ ಹೇಳಿದ್ದ ಮಸ್ತಾನನಿಗೂ ಅವಳೇ ಫೋನ್ ಮಾಡಿ, ಅಣ್ಣಾರು ಹೊಂಟಾರ, ನೀ ತಕಲೀಫ್ ತಗೋಬ್ಯಾಡ ಎಂದಳು. ಅವನು ಹೋಗಲಿಲ್ಲ.

ನಾನು ಪ್ರವಾಸವನ್ನು ಪುಟ ಕಟ್ಟುವ ಹಾಗೆ ಕಟ್ಟಿದೆ — ಇದು ಮೇಲೆ, ಇದು ಕೆಳಗೆ, ಇದಕ್ಕಿಷ್ಟು ಜಾಗ. ಪ್ರತಿ ಪುಟದಲ್ಲೂ ಒಂದೆರಡು ಸಣ್ಣ ಸುದ್ದಿಗಳಿರುತ್ತವೆ. ಜಾಹೀರಾತು ಬಂದರೆ ಪುಟದಿಂದ ಮೊದಲು ಹೊರಬೀಳುವುದು ಅವೇ. ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಬೀರಪ್ಪನನ್ನು ನಾನು ಇಟ್ಟದ್ದು ಆ ಜಾಗದಲ್ಲಿ. ಆಗ ಹಾಗೆ ಅನ್ನಿಸಿರಲಿಲ್ಲ. ಅನ್ನಿಸದೇ ಇದ್ದದ್ದೇ —

ಮಸ್ಕತ್ ನೋಡಿದೆವು. ಸುವರ್ಣಾ ಸಮುದ್ರದಲ್ಲಿ ಮೊಣಕಾಲವರೆಗೆ ಇಳಿದು, ಸೀರೆ ಎತ್ತಿ ಹಿಡಿದು, ಚಿಕ್ಕ ಹುಡುಗಿಯಂತೆ ಕೂಗಿದಳು. ಮರಳುಗಾಡಿಗೆ ಹೊರಟ ದಿನ ಮಧ್ಯಾಹ್ನ ಕಾರು ಆ ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಕೊನೆಯ ಬಂಕ್. ನಾನು ಚಹಾದ ಕಪ್ಪು ಹಿಡಿದು ಕೆಳಗಿಳಿದೆ. ಬಲಕ್ಕೆ ಒಂದು ದಾರಿ ಇತ್ತು — ದಾರಿ ಎನ್ನುವುದಕ್ಕಿಂತ ಮರಳಿನ ಮೇಲೆ ಚಕ್ರದ ಎರಡು ಗೆರೆ.

ನಮ್ಮ ಚಾಲಕ ಹೈದರಾಬಾದಿನವನು. ಕೇಳಿದೆ. "ಜಾ ಸಕ್ತೇ ಸಾಬ್," ಎಂದ. ಹೋಗಬಹುದು, ಆದರೆ ಮರಳಿಗಾಗಿ ಟೈರಿನ ಗಾಳಿ ಇಳಿಸಬೇಕು, ಹೋಗಿ ಬರುವುದರಲ್ಲಿ ಸಂಜೆಯಾಗುತ್ತದೆ, ಮರಳ ದಿಬ್ಬದ ಮೇಲಿನ ಸೂರ್ಯಾಸ್ತ ತಪ್ಪುತ್ತದೆ. ಸುವರ್ಣಾ ಕಾರಿನ ಕಿಟಕಿಯಿಂದ, "ನಿಮಗ ಹ್ಯಾಂಗ ಅನಸ್ತದ ಹಂಗ ಮಾಡ್ರಿ. ನಾವು ಇಲ್ಲೇ ಕುಂದರ್ತೀವಿ ಬೇಕಾದ್ರ," ಎಂದಳು. ಇದನ್ನು ಬರೆಯಲೇಬೇಕು. ಯಾರೂ ನನ್ನನ್ನು ತಡೆಯಲಿಲ್ಲ.

"ನಾಳೆ ವಾಪಸ್ ಬರುವಾಗ ನೋಡೋಣ" ಎಂದು ನಾನೇ ಹೇಳಿದೆ.

ಆ ರಾತ್ರಿ ಡೇರೆಯಲ್ಲಿ ಮಗಳಿಗೆ ಚಳಿಯಾಯಿತು. ಶಾಣಮ್ಮನ ಕಂಬಳಿ ತೆಗೆದು ಹೊದಿಸಿದೆ. ಅವಳು ಬೆಚ್ಚಗೆ ಮಲಗಿದಳು.

ಮರುದಿನ ಮಗಳಿಗೆ ಸಮುದ್ರದ ದಂಡೆಗೆ ಇನ್ನೊಮ್ಮೆ ಹೋಗುವ ಆಸೆ. ಕಾರು ಬಂಕಿನಲ್ಲಿ ನಿಲ್ಲಲಿಲ್ಲ. ಕಿಟಕಿಯಿಂದ ನೋಡಿದೆ. ಬಹಳ ದೂರದಲ್ಲಿ ಒಂದು ಹಿಂಡು, ಅದರ ಬದಿಗೆ ಕಡ್ಡಿಯಂತೆ ನೆಟ್ಟಗೆ ನಿಂತ ಒಬ್ಬ ಮನುಷ್ಯ. ಅವನೇ ಇರಬೇಕು ಎಂದುಕೊಂಡೆ. ಯಾರಾದರೂ ಆಗಿರಬಹುದಿತ್ತು. ಅವನೇ ಎಂದುಕೊಂಡರೆ ಮುಂದಿನ ಪ್ರಯಾಣ ಸುಲಭವಾಗುತ್ತಿತ್ತು — ಅಷ್ಟೇ.

ಕಂಬಳಿಯನ್ನು ಊರಿಗೆ ಒಯ್ಯುವಂತಿರಲಿಲ್ಲ. ಮಸ್ಕತ್‌ನ ಹೋಟೆಲ್ ಕೋಣೆಯಲ್ಲಿ, ಕುರ್ಚಿಯ ಬೆನ್ನಿಗೆ ಮಡಚಿ ಹಾಕಿ ಬಾಗಿಲೆಳೆದುಕೊಂಡೆ. ಸುಳ್ಳು ಬಾಯಿಗೆ ಬಂದದ್ದು ಆಮೇಲೆ. ಮೊದಲು ಕೈಗೆ ಬಂತು.

ಶಾಣಮ್ಮ ಬಂದಳು. ಕೂರುವ ಮೊದಲೇ ಕೇಳಿದಳು. ನಾನು ಹೇಳಿದೆ: "ನೋಡಿದೆ. ಆರಾಮ್ ಅದಾನ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು ಕೇಳುತ್ತ ಹೋದಳು, ನಾನು ಉತ್ತರ ಕಟ್ಟುತ್ತ ಹೋದೆ. ವಿವರವಿದ್ದರೆ ಸುದ್ದಿಗೆ ಬಲ ಎಂಬುದು ನನ್ನ ಕಸುಬು. ತೆಳ್ಳಗಾಗಿದ್ದಾನೆ ಎಂದೆ. ಗಡ್ಡ ಬಿಟ್ಟಿದ್ದಾನೆ ಎಂದೆ. "ಗಡ್ಡನಾ? ಸಾಬಣ್ಣ ಆಗ್ಯಾನೇನ್ರಿ ನಮ್ಮ ಬೀರಪ್ಪ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಫೋನ್ ಕೆಟ್ಟಿದೆ, ಮಾಡಿಸಲು ಪೇಟೆ ದೂರ ಎಂದೆ. ಕಂಬಳಿ ಹೊದ್ದುಕೊಂಡ ಎಂದೆ.

ನಗು ನಿಂತಿತು. "ಸಿಟ್ಟು?"

"ಸಿಟ್ಟೇನಿಲ್ಲ ಶಾಣಮ್ಮ. ಆಕಿ ಅಂದಿದ್ದು ಖರೇನೇ ಇತ್ತು ಅಂದ."

ಅವಳು ಎದ್ದು ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿಯಲಿಲ್ಲ.

ಬರುತ್ತಾನೆ ಎಂದು ಕಾಯುವವರು ಹುಡುಕುವುದಿಲ್ಲ. ಆ ವರ್ಷ ಮಸ್ತಾನ್ ಕೆಲಸ ಬಿಟ್ಟು ಊರಿಗೆ ಬಂದ. ಅಣ್ಣಾರು ನೋಡಿದ್ದಾರಲ್ಲ ಎಂದು ಅವನೂ ವಿಚಾರಿಸಿರಲಿಲ್ಲ. ಮುಂದೆ ಕೊರೊನಾ ಬಂತು. ಅಲ್ಲೆಲ್ಲ ಬಂದ್ ಆಗಿದೆ, ಅದಕ್ಕೇ ಫೋನಿಲ್ಲ ಎಂದು ಶಾಣಮ್ಮ ತಾನೇ ಹೇಳಿಕೊಂಡಳು. ಒಮ್ಮೆ ಸುದ್ದಿ ನಂಬಿಸಿಬಿಟ್ಟರೆ ಮುಂದಿನದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಇದೂ ನನಗೆ ಗೊತ್ತಿದ್ದದ್ದೇ.

ಆಮೇಲೆ ಅಂಜಯ್ಯ ಬಂದ. ತಾಂಡೂರಿನವನು, ಬೀರಪ್ಪನ ಪಕ್ಕದ ದೊಡ್ಡಿಯಲ್ಲಿ ಒಂಟೆಗಳಿಗೆ ಮೇವು ಹಾಕುತ್ತಿದ್ದವನು. ಊರಿಗೆ ಮರಳಿದ ಮೇಲೆ, ಕೇಳುತ್ತ ಕೇಳುತ್ತ ಮನೂರ್ ತನಕ ಬಂದು ಶಾಣಮ್ಮನ ಮನೆ ಹುಡುಕಿದ್ದ. ಅವತ್ತು ನಾನು ಹೊಲದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ; ಅವಳ ಮನೆಯ ಮುಂದೆ ಜನ ಕೂಡಿದ್ದು ಕಂಡು ಹೋದೆ.

ಅಂಜಯ್ಯ ಹೇಳುತ್ತಿದ್ದ: "ಅಮ್ಮಾ, ಅವ ಹ್ವಾದದ್ದು ಆ ಚಳಿಗಾಲ ಶುರು ಆದಾಗ. ದೊಡ್ಡಿ ಬಿಟ್ಟು ಹ್ವಾದವ ತಿರುಗಿ ಬರಲಿಲ್ಲ. ನಾವು ಹುಡುಕಿದ್ವಿ —"

"ಯಾವ ಚಳಿಗಾಲ?" ಎಂದು ಶಾಣಮ್ಮ ಕೇಳಿದಳು. ಅವನು ವರ್ಷ ಹೇಳಿದ — 2018. ಶಾಣಮ್ಮ ಜನರ ನಡುವೆ ನನ್ನನ್ನು ಕಂಡು ಕೈಮಾಡಿದಳು. "ಝೂಟ ಹೇಳ್ತಿ ನೀ. ಆಮ್ಯಾಲಿನ ಸಂಕ್ರಾಂತಿ ಮುಂದ ನಮ್ಮ ಅಣ್ಣಾರು ಕಣ್ಣಾರ ನೋಡಿ ಬಂದಾರ. ಪೇಪರದವ್ರು ಅವ್ರು. ಹೇಳ್ರಿ ಅಣ್ಣಾರ!"

ಎಲ್ಲರೂ ನನ್ನ ಕಡೆ ತಿರುಗಿದರು. ಅಂಜಯ್ಯನೂ. ಅವನ ಮುಖದಲ್ಲಿ ಕೋಪವಿರಲಿಲ್ಲ, ಆಸೆಯಿತ್ತು — ನಾನು ನೋಡಿದ್ದೇ ನಿಜವಾಗಲಿ ಎಂಬ ಆಸೆ.

"ನೋಡಿದ್ದೆ," ಎಂದೆ.

ಮೊದಲ ಸಲ ಹೇಳಿದಾಗ ಬೀರಪ್ಪ ಇದ್ದಾನೆಂದೇ ನಾನೂ ನಂಬಿದ್ದೆ. ಎರಡನೆಯ ಸಲ ಹೇಳಿದಾಗ, ಇಲ್ಲದಿರಬಹುದು ಎಂದು ಗೊತ್ತಾಗಿತ್ತು. ಈ ಎರಡನೆಯದಕ್ಕೆ ನನ್ನ ಬಳಿ ಯಾವ ಹೆಸರೂ ಇಲ್ಲ.

ದುಡ್ಡು ಕೀಳಲು ಬಂದವನು ಎಂದು ಜನ ಅಂಜಯ್ಯನನ್ನು ಬೈದು ಕಳಿಸಿದರು. ಅವನಿನ್ನೂ ಏನೋ ಹೇಳಲು ನೋಡುತ್ತಿದ್ದ. ಕೇಳುವವರಿರಲಿಲ್ಲ.

ಆವತ್ತಿನಿಂದ ನಿದ್ದೆಯಲ್ಲಿ ಆ ದೂರದ ಮನುಷ್ಯ ಬರುತ್ತಾನೆ. ಕಡ್ಡಿಯಂತೆ ನೆಟ್ಟಗೆ ನಿಂತಿರುತ್ತಾನೆ. ಹತ್ತಿರ ಹೋಗುವುದಿಲ್ಲ — ನಾನು ಕಾರಿನಲ್ಲೇ ಇರುತ್ತೇನೆ. ಎಚ್ಚರವಿದ್ದಾಗ ಬರುವುದು ಬೇರೆ: ಅವತ್ತು ಬಂಕಿನಿಂದ ಬಲಕ್ಕೆ ತಿರುಗಿದ್ದರೆ ಅವನಿಲ್ಲ ಎಂಬುದು ಅಂದೇ ತಿಳಿಯುತ್ತಿತ್ತು. ಅವನು ಹೋಗಿ ಇನ್ನೂ ಬಹಳ ದಿನಗಳಾಗಿರಲಿಲ್ಲ. ಯಾರಿಗಾದರೂ ನೆನಪಿರುತ್ತಿತ್ತು, ಯಾರಾದರೂ —

ಈ ವರ್ಷ ತೊಗರಿ ರಾಶಿಯಾದ ಮೇಲೆ ಮನೂರಿಗೆ ಹೋದೆ. ಶಾಣಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಚಹಾ ಇಡುತ್ತೇನೆ ಎಂದು ಎದ್ದವಳನ್ನು ತಡೆದು, ನಿಂತೇ ಹೇಳಿದೆ. ಬಂಕ್, ದಾರಿ, ಚಳಿ, ಕಂಬಳಿ, ಕುರ್ಚಿ. ಅಂಜಯ್ಯನ ಮುಂದೆ ಹೇಳಿದ ಮಾತು. ಬಿಡದೆ ಹೇಳಿದೆ.

ಅವಳು ಮೊರ ಕೆಳಗಿಡಲಿಲ್ಲ. ಹಾಗೇ ಹಿಡಿದುಕೊಂಡು ಕೇಳಿದಳು:

"ಸಿಟ್ಟಿಲ್ಲ ಅಂದಿದ್ದು? ಅದು ಯಾರ ಮಾತ್ರಿ?"

"ನಂದು."

"ನಿಮ್ದು," ಎಂದಳು. ಅಷ್ಟು ವರ್ಷ ಜೊತೆಗಿಟ್ಟುಕೊಂಡಿದ್ದ ಮಾತನ್ನು ತೆಗೆದು ನನಗೆ ಮರಳಿ ಕೊಟ್ಟ ಹಾಗೆ. ಆಮೇಲೆ, "ಆ ತಾಂಡೂರ ಮನಷ್ಯಾಗ ನಾ ಏನೇನ್ ಅಂದೆ," ಎಂದಳು. ನಾನೂ ಜೊತೆಗೆ ಬರುತ್ತೇನೆ, ಅವನ ಮನೆ ಹುಡುಕೋಣ ಎಂದೆ.

"ನೀವು ಬ್ಯಾಡ್ರಿ."

ಮೊದಲ ಸಲ ಅವಳು ನನ್ನನ್ನು ಅಣ್ಣಾರ ಎನ್ನಲಿಲ್ಲ.

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಅವಳೇ ಉತ್ತರ ಹುಡುಕಬೇಕಾಗುತ್ತಿತ್ತು. ಬೀರಪ್ಪನನ್ನು ನಾನು ನೋಡಿಲ್ಲ ಎಂಬ ಹೇಳಿಕೆಯನ್ನು ನಾರಾಯಣಖೇಡ್ ಠಾಣೆಯಲ್ಲಿ ಬರೆದು ಕೊಟ್ಟಿದ್ದೇನೆ. ಮನೂರಿನಲ್ಲಿ ಅಂದು ಕೂಡಿದ್ದ ಜನರಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ನನ್ನ ಹೆಸರಿನಡಿ ಬಂದ ಸುದ್ದಿಗಳನ್ನು ಇಷ್ಟು ವರ್ಷ ನಂಬಿ ಓದಿದವರು ನೀವು. ಆದ್ದರಿಂದ ಇಲ್ಲಿಯೂ ಬರೆದಿದ್ದೇನೆ.

ಶಾಣಮ್ಮ ಮರುದಿನವೇ ಒಬ್ಬಳೇ ಬಸ್ಸಿನಲ್ಲಿ ತಾಂಡೂರಿಗೆ ಹೋದಳು. ಅಂಜಯ್ಯ ಸಿಕ್ಕ. ಅಂದು ಜನ ಹೇಳಗೊಡದೇ ಇದ್ದದ್ದನ್ನು ಅವನು ಅವಳಿಗೆ ಪೂರ್ತಿ ಹೇಳಿದ. ಸಂಜೆ ಫೋನ್ ಮಾಡಿ ನನಗೂ ಹೇಳಿದ. 2018ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಬೀರಪ್ಪ ಕುರಿಗಳಿಗೆ ನೀರು ಬಿಟ್ಟು, ಒಗೆದ ಅಂಗಿ ಹಾಕಿಕೊಂಡು, "ಶಾಣಮ್ಮಗ ಫೋನ್ ಮಾಡಿ ಬರ್ತೀನಿ, ಪರೇಶಾನ್ ಆಗಿರ್ತಾಳ," ಎಂದು ಹೇಳಿ ಪೇಟೆಯ ಕಡೆಗೆ ನಡೆದು ಹೊರಟ. ಅಲ್ಲಿಂದ ಮುಂದೆ ಅವನನ್ನು ನೋಡಿದವರು ಈವರೆಗೆ ಸಿಕ್ಕಿಲ್ಲ.