ಎಳ್ಳು ಹಚ್ಚಿದ ವಿಶ್ವ

ಅಕ್ಕೋರ ಬಲ ಅಂಗೈಯ ಗೆರೆಗಳಲ್ಲಿ ಸಜ್ಜೆ ಹಿಟ್ಟು ಒಣಗಿ ನಿಂತಿರುತ್ತಿತ್ತು. ಆ ಕೈ ಮೇಲೆದ್ದರೆ ಕಟ್ಟೆಯ ಮೇಲಿನ ಹರಟೆ ನಿಲ್ಲುತ್ತಿತ್ತು. ಮಕ್ತಲ್‌ನ ನಮ್ಮ ಓಣಿಯಲ್ಲಿ ಅವರು ನಿವೃತ್ತ ವಿಜ್ಞಾನ ಶಿಕ್ಷಕಿ. ನಾನು ಎದುರು ಮನೆಯವನು, ಬಸ್ ಡಿಪೊದಲ್ಲಿ ಟೈಮ್‌ಕೀಪರ್ ಆಗಿದ್ದವನು. ಪ್ರತಿ ಭಾನುವಾರ ಹತ್ತು ಗಂಟೆಗೆ ಅವರು ಓಣಿಯ ದೊಡ್ಡವರಿಗೆ ವಿಶ್ವದ ಪಾಠ ಹೇಳುತ್ತಿದ್ದರು. ಹತ್ತಾಯಿತೆಂದು ತಟ್ಟೆ ಬಾರಿಸುವುದು ನನ್ನ ಕೆಲಸ.

“ಮೊದಲು ಎಲ್ಲಾ ಹಿಂಗ ಒತ್ತೊತ್ತಿ ಇತ್ತು, ಬಾಳ ಸುಡತಿತ್ತು” ಎಂದು ಹಿಟ್ಟಿನ ಉಂಡೆ ತೋರಿಸುತ್ತಿದ್ದರು. ಅದರ ಮೇಲೆ ಎಳ್ಳು ಒತ್ತಿ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ ಅಗಲವಾದಂತೆ ಎಳ್ಳುಗಳ ನಡುವಿನ ಜಾಗ ಬೆಳೆಯುತ್ತಿತ್ತು. “ನೋಡ್ರಿ, ಎಳ್ಳಿಗೆ ಕಾಲಿಲ್ಲ. ಹಿಟ್ಟೇ ಹಿಗ್ಗತೈತಿ. ಗೆಲಾಕ್ಸಿಗಳೂ ಹಂಗೇ ದೂರ ಆಗ್ತಾವ.”

ಬಟ್ಟೆ ಹೊಲಿಯುವ ಪಕ್ಕದ ಮನೆಯಾಕೆ ಸುಮ್ಮನೆ ಬಿಡುತ್ತಿರಲಿಲ್ಲ. “ರೊಟ್ಟಿಗೆ ಅಂಚು ಐತ್ರಿ ಅಕ್ಕೋರೇ. ವಿಶ್ವಕ್ಕ?”

“ಅಲ್ಲೇ ನನ್ನ ರೊಟ್ಟಿ ಫೇಲ್ ಆಗ್ತೈತಿ ನೋಡವಾ. ವಿಶ್ವದ ಅಂಚು ಯಾರಿಗೂ ಕಂಡಿಲ್ಲ.”

“ಫೇಲಾದ ರೊಟ್ಟಿ ಏನ್ಮಾಡ್ತೀರಿ?”

“ತಿಂತೀವಿ.”

ಕೊನೆಯ ಪಾಠ ಒಂದು ಉಳಿದಿತ್ತು: ವಿಶ್ವ ಮುಂದೆ ಏನಾಗಬಹುದು. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಇನ್ನೊಮ್ಮೆ ಹೊಡೆದರೆ ಉಳಿಯುವುದು ಕಷ್ಟ, ದಣಿಯಬಾರದು ಎಂದು ರಾಯಚೂರಿನ ಡಾಕ್ಟರು ಎಚ್ಚರಿಸಿದರು. ಉಳಿದದ್ದನ್ನು ಬಾಯಲ್ಲೇ ಹೇಳಿ ಮುಗಿಸಿಬಿಡಿ ಎಂದು ನಾನೂ ಹೇಳಿದೆ.

“ನಿಮ್ಮ ಬಸ್ಸಿನವರು ಅರ್ಧ ದಾರಿಯಾಗ ಮಂದೀನ ಇಳಿಸಿ ಬರ್ತಿದ್ರೇನು ತಮ್ಮಾ?” ಎಂದರು.

ಮರುದಿನದಿಂದ ಬೆಳಗ್ಗೆ ಎದುರು ಮನೆಯಲ್ಲಿ ಎಡಗೈಯ ಬಡಿತ ಕೇಳತೊಡಗಿತು. ತಾಳ ತಪ್ಪುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಭಾನುವಾರ ನನಗೆ ತಟ್ಟೆ ಬಾರಿಸಲು ಹೇಳಿದರು. ಎಲ್ಲರೂ ಬಂದು ಕೂತರು. ಅಕ್ಕೋರು ಎಡಗೈಯಲ್ಲಿ ಬಡಿಯತೊಡಗಿದರು. ಹೀಗೇ ಹಿಗ್ಗುತ್ತ ಹೋದರೆ ಎಲ್ಲ ಆರಿ ತಣ್ಣಗಾಗಬಹುದು, ಇಲ್ಲವೇ ಮತ್ತೆ ಕುಗ್ಗಿ ಉಂಡೆಯಾಗಬಹುದು ಎನ್ನುವಷ್ಟರಲ್ಲಿ ರೊಟ್ಟಿ ನಡುವೆ ಹರಿಯಿತು.

“ಇದೂ ಒಂದು ಐತಿ” ಎಂದು ಹರಿದ ತುಂಡನ್ನು ಎತ್ತಿ ತೋರಿಸಿದರು. “ಹಿಗ್ಗಿ ಹಿಗ್ಗಿ ಹರೀಬಹುದು.”

“ಮೂರರಾಗ ಖರೇ ಯಾವುದ್ರಿ?” ಎಂದಳು ಪಕ್ಕದ ಮನೆಯಾಕೆ.

“ತಣ್ಣಗಾಗೋದ ಅಂತ ಬಾಳ ಮಂದಿ ತಿಳದೋರು ಅಂತಾರ. ಆದ್ರ ಪಕ್ಕಾ ಗೊತ್ತಿಲ್ಲವಾ. ಗೊತ್ತಿಲ್ಲ ಅಂತ ನಿಮಗ ಹೇಳಾಕೇ ಇಷ್ಟು ದಿನ ಈ ಕೈ ಬಡದೀನಿ.”

ಆ ಶ್ರಾವಣದಲ್ಲಿ ಅವರು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲಿನ ಭಾನುವಾರ ಪಕ್ಕದ ಮನೆಯಾಕೆ ಹೊಸಬರಿಬ್ಬರನ್ನು ಕರೆದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಪಾಠ ಮೊದಲಿನಿಂದ ಆಗಬೇಕಿತ್ತು. ನಾನು ಹತ್ತಕ್ಕೆ ಸರಿಯಾಗಿ ತಟ್ಟೆ ಬಾರಿಸಿದೆ. ಆಮೇಲೆ ಅದೇ ತಟ್ಟೆಯಲ್ಲಿ ಹಿಟ್ಟು ನಾದಿದೆ. ಜನ್ಮದಲ್ಲಿ ರೊಟ್ಟಿ ಬಡಿದವನಲ್ಲ. ಎಷ್ಟೋ ವಾರ ಬರೀ ಹರಿದವು. ಈಗ ಎಳ್ಳು ಎಳ್ಳಿನಿಂದ ದೂರ ಸರಿಯುವುದು ಕಾಣುವಷ್ಟಾದರೂ ಅಗಲವಾಗುತ್ತದೆ.

“ಇದಕ್ಕೂ ಅಂಚು ಐತಲ್ರಿ?” ಎಂದು ಆಕೆ ಬೇಕೆಂದೇ ಕೇಳುತ್ತಾಳೆ. ಅಕ್ಕೋರ ಉತ್ತರವನ್ನೇ ಕೊಟ್ಟು, ರೊಟ್ಟಿಯನ್ನು ಹೆಂಚಿಗೆ ಹಾಕುತ್ತೇನೆ.