ಮುನೇಶ್ವರನ ಮುಂದೆ ಅಗಿದ ಅಕ್ಕಿ

ಹೋದ ವಾರ ಆಲಸನತ್ತದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ದವಡೆ ಹಲ್ಲು ಕೀಳುವ ಮುಂಚೆ ಆ ಡಾಕ್ಟರ್ ಹುಡುಗಿ ನನ್ನ ಕೆನ್ನೆಯೊಳಗೆ ಹತ್ತಿಯ ಉಂಡೆ ತುರುಕಿದಳು. ಬಾಯಿಯ ಪಸೆಯನ್ನೆಲ್ಲ ಅದು ಹೀರಿಕೊಂಡಿತು, ನಾಲಿಗೆ ಅಂಗುಳಕ್ಕೆ ಅಂಟಿತು. ನೋವೇನೂ ಇರಲಿಲ್ಲ, ಆದರೂ ನಾನು ಕುರ್ಚಿಯಿಂದ ಏಳಲು ಹೋದೆ. "ಯಾಕ್ ತಾತ, ಇನ್ನೂ ಸೂಜಿನೇ ಚುಚ್ಚಿಲ್ವಲ್ಲ" ಎಂದಳು. ಬಾಯಿ ತುಂಬ ಹತ್ತಿ ಇದ್ದದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ.

ಯುದ್ಧದ ಕಾಲ. ಮದರಾಸಿನಲ್ಲಿ ಬಿ.ಎ. ಪರೀಕ್ಷೆ ಬರೆದು, ಫಲಿತಾಂಶ ಕಾಯುತ್ತ, ಕೆಲಮಂಗಲದ ಹತ್ತಿರದ ಹಳ್ಳಿಯೊಂದರಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಅಲ್ಲಿಯ ಹೊರಠಾಣೆಯ ಹೆಡ್ ಕಾನ್‌ಸ್ಟೇಬಲ್. ತಮಿಳಿನವರ ರೂಢಿಯಂತೆ ಜನ ಅವರನ್ನು ಏಟಯ್ಯ ಎನ್ನುತ್ತಿದ್ದರು. ಮಿತಭಾಷಿ. ದೂರು ಕೊಟ್ಟವರ ಮನೆಯಲ್ಲಿ ಮಜ್ಜಿಗೆ ಕೂಡ ಕುಡಿಯುತ್ತಿರಲಿಲ್ಲ. ಸಂಶಯ ಬಂದವನನ್ನು ಎದುರಿಗೆ ಕೂರಿಸಿ ಮಾತಾಡಿಸುತ್ತಿದ್ದರು, ಕೈ ಎತ್ತಿದ್ದನ್ನು ಅಕ್ಕನೂ ನೋಡಿರಲಿಲ್ಲ. ಆದರೂ ಅವರು ಬೀದಿಗೆ ಬಂದರೆ ಜಗಲಿಯ ಮೇಲಿನ ಮಾತು ನಿಲ್ಲುತ್ತಿತ್ತು. ಮನೆಯೊಳಗೆ ನನ್ನ ಪಾಡೂ ಅಷ್ಟೇ. ಗೂಟಕ್ಕೆ ನೇತುಹಾಕಿದ ಬೆಲ್ಟಿನ ಹಿತ್ತಾಳೆ ಬಿಲ್ಲೆ ಗಾಳಿಗೆ ಗೋಡೆಗೆ ತಗುಲಿ ಟಿಕ್ ಎಂದರೆ ನಾನು ಓದುತ್ತಿದ್ದ ಸಾಲು ತಪ್ಪಿಹೋಗುತ್ತಿತ್ತು.

ಊರಿನ ಮುಖ್ಯಸ್ಥರು ಮಣಿಯಗಾರರು. ಅವರಿಗೆ ಪತ್ರಿಕೆಯ ಯುದ್ಧದ ಸುದ್ದಿ ಓದಿ ಹೇಳಲು ನಾನು ಹೋಗುತ್ತಿದ್ದೆ. ಜಪಾನಿನವರು ಎಲ್ಲಿಗೆ ಬಂದರು ಎಂಬುದಕ್ಕಿಂತ ಆಮೇಲೆ ಬರುವ ಕಾಫಿಯ ಮೇಲೆ ನನಗೆ ಗಮನ ಹೆಚ್ಚು. ಹಾಗೆ ಓದುತ್ತಿದ್ದ ದಿನವೇ ಅವರ ಸೊಸೆ ಕೊರಳಿಗೆ ಹಾಕುತ್ತಿದ್ದ ಚಿನ್ನದ ಅಡ್ಡಿಕೆ ಕಾಣೆಯಾಯಿತು. ಅಂದು ಅವರ ಮನೆಯ ಮಾಡಿನ ಮೇಲೆ ಮುನಿಯಪ್ಪ ಒಡೆದ ಹೆಂಚು ತೆಗೆದು ಕೈಯಾಡಿಸುತ್ತಿದ್ದ. ಹೊರಗಿನಿಂದ ಬಂದವರು ನಾವಿಬ್ಬರೇ. ಒಬ್ಬ ಏಟಯ್ಯನ ಬಾಮೈದ, ಇನ್ನೊಬ್ಬ ಕೂಲಿಯವನು. ಸಂಶಯ ಯಾರ ಮೇಲೆ ಹೋಯಿತೆಂದು ಹೇಳಬೇಕಾಗಿಲ್ಲ.

ಮುನಿಯಪ್ಪನ ಅಣ್ಣನನ್ನು ಹಿಂದೊಮ್ಮೆ ಬೇರೊಂದು ಠಾಣೆಗೆ ಕರೆದೊಯ್ದಿದ್ದರು. ಅವನು ಬಲಗೈಯ ಬೆರಳು ಮಡಚಲಾಗದೆ ಹಿಂದಿರುಗಿದ. ಉಣ್ಣುವಾಗ ಹೆಂಡತಿ ತುತ್ತು ಇಡಬೇಕಿತ್ತು. ಹೆಂಚಿನ ಕೆಲಸದವನಿಗೆ ಕೈ ಹೋದರೆ ಉಳಿಯುವುದೇನು? ಮುನಿಯಪ್ಪ ಮರುದಿನ ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಬಂದು ನಿಂತ.

"ಏಟಯ್ಯ, ನಾನ್ ಮುಟ್ಟಿಲ್ಲ. ಕೇಳಾದಿದ್ರೆ ಇಲ್ಲೇ ಕೇಳ್ಬುಡಿ. ಟೇಷನ್‌ಗೆ ಮಾತ್ರ ಕರ್ಕೊಂಡ್ ಹೋಗ್ಬೇಡಿ."

"ನಾನೆಲ್ಲಿ ಕರ್ದೆ ನಿನ್ನ? ಹೋಗಿ ಉಂಡ್ಕೊಂಡ್ ಬಾ" ಎಂದರು ಭಾವ. ಅವನು ಉಂಡಂತೆ ಕಾಣಲಿಲ್ಲ.

ಅಂದು ಸಂಜೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಅಷ್ಟರೊಳಗೆ ಒಬ್ಬ ಕಳ್ಳ ಬೇಕಿತ್ತು. ಸಿಗದಿದ್ದರೆ ಇನ್‌ಸ್ಪೆಕ್ಟರರೇ ತಮ್ಮ ರೀತಿಯಲ್ಲಿ ವಿಚಾರಿಸುತ್ತಾರೆ, ಆ ರೀತಿ ಎಲ್ಲರಿಗೂ ಗೊತ್ತಿತ್ತು. ಭಾವ ಆಗ ಊರಿನ ಹಳೆಯ ಕ್ರಮಕ್ಕೆ ಒಪ್ಪಿದರು. ಮುನೇಶ್ವರನ ಕಲ್ಲಿನ ಮುಂದೆ ಪೂಜಾರಿ ಮಂತ್ರಿಸಿದ ಅಕ್ಕಿಯನ್ನು, ಕಳವಾದ ಹೊತ್ತಿನಲ್ಲಿ ಮನೆಯಲ್ಲಿದ್ದವರೆಲ್ಲ ಅಗಿದು ಮುತ್ತುಗದ ಎಲೆಯ ಮೇಲೆ ಉಗುಳಬೇಕು. ಹಸಿಯಾಗಿ ಬಿದ್ದರೆ ಸಾಚಾ. ಒಣ ಹಿಟ್ಟಾಗಿ ಬಿದ್ದರೆ ಅವನೇ ಕಳ್ಳ.

ನಾನು ಸುಮ್ಮನಿರಲಿಲ್ಲ. "ಭಾವ, ಹೆದರಿದವನ ಬಾಯಲ್ಲಿ ಜೊಲ್ಲು ಊರೋದಿಲ್ಲ. ಅದು ಶರೀರದ ಧರ್ಮ. ಕಳ್ಳತನಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದೆ. ಕಾಲೇಜಿನ ಗಂಭೀರ ದನಿಯಲ್ಲೇ ಹೇಳಿದ್ದೆ.

"ಗೊತ್ತು ಕಣ್ಲಾ. ಆದ್ರೆ ಏಟಿಲ್ದೆ ಮುಗೀತದಲ್ಲ" ಎಂದರು. "ನೀನೂ ಅಗೀಬೇಕು. ಪೊಲೀಸ್ನೋರ ಮನೆಯೋರ್ಗೂ ಒಂದೇ ನ್ಯಾಯ ಅಂತ ಜನ ನೋಡ್ಲಿ."

ಹುಣಸೆಮರದ ಕೆಳಗೆ ಸಾಲಾಗಿ ಕೂತೆವು. ಮೊದಲು ಮಣಿಯಗಾರರ ತಾಯಿ. ಆ ಮುದುಕಿ ಎಲೆಅಡಿಕೆ ಮೆಲ್ಲುವಂತೆ ಆರಾಮಾಗಿ ಅಗಿದು ಉಗುಳಿದಳು. ಎಲೆಯ ಮೇಲೆ ಗಂಜಿಯಂಥ ಮುದ್ದೆ. ಸೊಸೆಯದೂ ಹಸಿ, ಆಳುಗಳದೂ ಹಸಿ. ನನ್ನ ಸರದಿ ಬಂತು. ಶರೀರದ ಧರ್ಮವೆಲ್ಲ ಗೊತ್ತಿದ್ದ ನಾನು ಅಕ್ಕಿ ಬಾಯಿಗೆ ಹಾಕಿಕೊಂಡೆ. ಅಗಿದಷ್ಟೂ ಅದು ಮರಳಾಯಿತು. ಎದುರಿಗೆ ನಿಂತ ಮುಖಗಳನ್ನು ನೋಡಿದೆ, ಎಲ್ಲರ ಕಣ್ಣೂ ನನ್ನ ದವಡೆಯ ಮೇಲೆ. ನಾನು ಕದ್ದಿಲ್ಲ ಎಂದು ನನಗೆ ಗೊತ್ತಿದ್ದೂ, ಕದ್ದಿದ್ದೇನೆಯೇ ಎಂಬ ಹುಚ್ಚು ಅನುಮಾನ ಒಂದು ಕ್ಷಣ ಹೊಕ್ಕಿತು. ಉಗುಳಿದಾಗ ಎಲೆಯ ಮೇಲೆ ಬಿಳಿ ಹಿಟ್ಟು ಉದುರಿತು.

ನನ್ನ ಪಕ್ಕದಲ್ಲಿದ್ದ ಮುನಿಯಪ್ಪನದೂ ಹಾಗೆಯೇ ಉದುರಿತು. ಅವನು ಎಲೆಯನ್ನು ನೋಡಲೂ ಇಲ್ಲ. ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತ.

ಹಿಂದಿನಿಂದ ಯಾರೋ, "ಏನ್ ಏಟಯ್ಯ, ಇಬ್ರುನ್ನೂ ಇಡ್ಕತೀರೋ, ಒಬ್ಬುನ್ನೋ?" ಎಂದರು. ಒಂದಿಬ್ಬರು ನಕ್ಕರು. ಭಾವ ಎರಡು ಎಲೆಗಳನ್ನೂ ಬಹಳ ಹೊತ್ತು ನೋಡಿದರು. ಮಣಿಯಗಾರರು ಮೆಲ್ಲಗೆ, "ಹುಡುಗನ್ದು ಬಿಡಿ, ಓದಿದೋನು. ಮುನಿಯಪ್ಪನ್ನ ಕರ್ಕೊಂಡ್ ಹೋಗಿ" ಎಂದರು. ಭಾವ ಬಗ್ಗಿ ಎಲೆಗಳನ್ನೆಲ್ಲ, ಹಸಿಯದನ್ನೂ ಒಣದನ್ನೂ, ಒಟ್ಟಿಗೆ ಮಡಚಿ ಬೇಲಿಯಾಚೆ ಎಸೆದರು. "ಮುನಿಯಪ್ಪ, ಮನೆಗೋಗು" ಎಂದರು. ಅಷ್ಟೇ.

ಸಂಜೆ ಇನ್‌ಸ್ಪೆಕ್ಟರ್ ಬಂದರು. ಠಾಣೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನೂ ಅಕ್ಕನೂ ಒಲೆ ಆರಿಸಿ, ಆ ಗೋಡೆಗೆ ಒರಗಿ ನಿಂತಿದ್ದೆವು. ಮಾತು ನಡೆದದ್ದು ತಮಿಳಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ.

"ಅಕ್ಕಿ ಅಗಿಸಿದೆಯಂತೆ?"

"ಅಗಿಸಿದೆ ಸಾರ್. ತಪ್ಪಾಯ್ತು."

"ತಪ್ಪು ಒಪ್ಪು ಆಮೇಲೆ. ಯಾರ ಬಾಯಿ ಒಣಗಿತ್ತು?"

ಅಕ್ಕ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದುಕೊಂಡಳು. ಒಂದು ಹೆಸರು ಹೇಳಿದರೆ ಮುನಿಯಪ್ಪ ಹೋದ, ಎರಡು ಹೇಳಿದರೆ ಅವನ ಜೊತೆ ನಾನೂ ಹೋದೆ.

"ಎಲ್ಲರದೂ ಸಾರ್" ಎಂದರು ಭಾವ.

ಹೀಗೆಂದು ನನ್ನ ನೆನಪು. ಅಕ್ಕ ಕೊನೆಯವರೆಗೂ ಒಪ್ಪಲಿಲ್ಲ. "ಅವ್ರು ಸುಳ್ಳು ಹೇಳೋರಲ್ಲ. 'ಅದು ಸಾಕ್ಷಿ ಅಲ್ಲ ಸಾರ್' ಅಂದ್ರು, ನನ್ ಕಿವೀಲೇ ಕೇಳಿದೀನಿ" ಎನ್ನುತ್ತಿದ್ದಳು. ಒಂದೇ ಗೋಡೆಗೆ ಕಿವಿಯಿಟ್ಟ ಇಬ್ಬರಿಗೆ ಎರಡು ಮಾತು ಕೇಳಿತ್ತು. ಮುನಿಯಪ್ಪನನ್ನು ಕರೆಯಲಿಲ್ಲ ಎಂಬುದರಲ್ಲಿ ಮಾತ್ರ ನಮಗೆ ಜಗಳವಿರಲಿಲ್ಲ. ಭಾವನಿಗೆ ದೂರದ ಊತ್ತಂಗರೆ ಕಡೆಗೆ ವರ್ಗವಾಯಿತು.

ಅಡ್ಡಿಕೆ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ, ನೆಲದೊಳಗಿನ ರಾಗಿ ಹಗೇವು ತೆಗೆದಾಗ. ಸರ್ಕಾರ ಯುದ್ಧಕ್ಕೆಂದು ಚಿನ್ನ ಕೇಳುತ್ತದೆ, ಮಗ ದೊಡ್ಡಸ್ತಿಕೆಗೆ ಕೊಟ್ಟುಬಿಡುತ್ತಾನೆ ಎಂದು ಹೆದರಿ ಆ ಮುದುಕಿಯೇ ಅದನ್ನು ರಾಗಿಯಲ್ಲಿ ಹೂತಿದ್ದಳಂತೆ. "ಕದ್ದೋರ್ಯಾರು ಅಂತ ಕೇಳಿದ್ರು. ನಾನೇನ್ ಕದ್ದಿದ್ನಾ?" ಎಂದಳಂತೆ. ಅವಳ ಬಾಯಿ ಹಸಿಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಈ ಕಥೆಯನ್ನು ನಾನು ಅನೇಕರಿಗೆ ಹೇಳಿದ್ದೇನೆ. ಕೊನೆಗೆ ಎಲ್ಲರೂ ಭಾವನನ್ನು ಹೊಗಳುತ್ತಿದ್ದರು, ನನಗೂ ಅದರಲ್ಲಿ ಸ್ವಲ್ಪ ಪಾಲು ಸಿಗುತ್ತಿತ್ತು. ಇಷ್ಟು ವರ್ಷ ನನ್ನ ಚಿಂತೆಯೆಲ್ಲ ಅವರು ಅಂದು ಏನಂದರು ಎಂಬುದೇ. ಹೋದ ವಾರ ಹಲ್ಲು ಕೀಳಿಸಿಕೊಂಡು ಮನೆಗೆ ಬಂದು ಮಲಗಿದಾಗ ಬೇರೆಯೇ ಒಂದು ಪ್ರಶ್ನೆ ಎದ್ದಿತು, ಇನ್ನೂ ಹೋಗಿಲ್ಲ. ನನ್ನ ಅಕ್ಕಿಯೂ ಹಸಿಯಾಗಿ ಬಿದ್ದಿದ್ದರೆ? ಒಣ ಹಿಟ್ಟು ಬಿದ್ದ ಎಲೆ ಮುನಿಯಪ್ಪನದೊಂದೇ ಆಗಿದ್ದರೆ ಭಾವ ಅದನ್ನು ಎಸೆಯುತ್ತಿದ್ದರೇ?

ಭಾವ ಒಳ್ಳೆಯ ಪೊಲೀಸ್ ಎಂದು ಈಗಲೂ ಹೇಳುತ್ತೇನೆ, ಆದರೆ ಹೇಳುವಾಗ ಕೇಳುವವರ ಮುಖ ನೋಡಲಾಗುವುದಿಲ್ಲ. ಮುನಿಯಪ್ಪ ಅಂದು ಮನೆಗೆ ಹೋದದ್ದು ಅವರ ನ್ಯಾಯದಿಂದಲೋ, ಪಕ್ಕದಲ್ಲಿ ನಾನು ಕೂತಿದ್ದರಿಂದಲೋ, ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಬಹಳ ವರ್ಷ ಬದುಕಿದ್ದರು. ಕೇಳಲು ನನಗೆ ಹೆದರಿಕೆಯಾಗಿತ್ತು.